ಅಗಸ್ಟೀನ್: ಇಷ್ಟು ಪ್ರೀತಿ ಅವನಿಗೆ ಸಲ್ಲಬೇಕಾ?

ಇಂದಿನ ಅಲ್ಜೀರಿಯಾದ ಸೂಕ್ ಅಹ್ರಾಸ್ ಊರಿಗೆ ರೋಮನ್ನರ ಕಾಲದಲ್ಲಿ ತಗಾಸ್ತೆ ಎಂದು ಹೆಸರಿತ್ತು. ಕ್ರೈಸ್ತ ಚಿಂತಕ ಅಗಸ್ಟೀನ್ ಹುಟ್ಟಿದ್ದು ಅಲ್ಲಿ, 354ರಲ್ಲಿ. ಕಾರ್ಥೇಜ್, ರೋಮ್, ಮಿಲಾನ್ ಸುತ್ತಿ, ಭಾಷಣಕಲೆಯ ಮೇಷ್ಟ್ರಾಗಿ ಹೆಸರು ಮಾಡಿದ. 387ರಲ್ಲಿ ಜ್ಞಾನಸ್ನಾನ ಪಡೆದು ಕ್ರೈಸ್ತನಾಗಿ, ಮರುವರ್ಷ ಆಫ್ರಿಕಾಕ್ಕೆ ಮರಳಿದ. ಹಿಪ್ಪೋ ಎಂಬ ಬಂದರು ಪಟ್ಟಣದ ಬಿಷಪ್ ಆದ. ವ್ಯಾಂಡಲರು ಎಂಬ ಜರ್ಮನಿಕ್ ಜನ ಆ ಊರಿಗೆ ಮುತ್ತಿಗೆ ಹಾಕಿದ್ದಾಗಲೇ, 430ರ ಆಗಸ್ಟ್ 28ರಂದು ತೀರಿಕೊಂಡ. 397ರ ಸುಮಾರಿಗೆ ಅವನು ಬರೆಯತೊಡಗಿದ ಆತ್ಮಕಥೆ ‘ಕನ್ಫೆಷನ್ಸ್’ ಇವತ್ತಿಗೂ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. 2025ರ ಮೇ 8ರಂದು ಪೋಪ್ ಆಗಿ ಆಯ್ಕೆಯಾದ ಹದಿನಾಲ್ಕನೇ ಲಿಯೋ ಅವರು ಅಗಸ್ಟೀನನ ಹೆಸರಿನ ಸಂಘಕ್ಕೆ ಸೇರಿದವರು. ಜನರ ಮುಂದೆ ಆಡಿದ ಮೊದಲ ಭಾಷಣದಲ್ಲೇ ತಾನು ಅಗಸ್ಟೀನನ ಮಗ ಎಂದರು. ಒಬ್ಬ ಲೇಖಕನಿಗೆ 1600 ವರ್ಷ ಇಷ್ಟು ಮನ್ನಣೆ ಸಿಕ್ಕಿದ್ದು ಸರಿಯೇ? ಇಬ್ಬರು ಓದುಗರ ಉತ್ತರ ಇಲ್ಲಿದೆ.

ಪರ: ತನ್ನನ್ನೇ ಬಿಡದೆ ಪ್ರಶ್ನಿಸಿದವನು

ಹದಿನಾರು ವರ್ಷದ ಹುಡುಗ. ಮುಂದಿನ ಓದಿಗೆ ಕಾರ್ಥೇಜಿಗೆ ಕಳಿಸಬೇಕೆಂದು ಅಪ್ಪನಿಗೆ ಆಸೆ, ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಒಂದು ವರ್ಷ ಊರಲ್ಲೇ ಖಾಲಿ ತಿರುಗಾಟ. ಒಂದು ರಾತ್ರಿ ಹೊತ್ತು ಮೀರುವ ತನಕ ಬೀದಿಯಲ್ಲಿ ಆಡಿದ ಹುಡುಗರ ಗುಂಪು, ಇವರ ದ್ರಾಕ್ಷಿ ತೋಟದ ಹತ್ತಿರವೇ ಇದ್ದ ಯಾರದೋ ಪೇರ್ ಮರಕ್ಕೆ ನುಗ್ಗುತ್ತದೆ. ಮರ ಅಲ್ಲಾಡಿಸಿ ಹೊರೆಗಟ್ಟಲೆ ಹಣ್ಣು ಹೊತ್ತು ತರುತ್ತಾರೆ. ಕೆಲವನ್ನು ಕಚ್ಚಿ ನೋಡಿ, ಉಳಿದದ್ದನ್ನೆಲ್ಲ ಹಂದಿಗಳಿಗೆ ಎಸೆಯುತ್ತಾರೆ.

ಅಷ್ಟೇ ನಡೆದದ್ದು. ಎಲ್ಲ ಊರಲ್ಲೂ ನಡೆಯುವಂಥದ್ದು. ಆದರೆ ನಲವತ್ತು ದಾಟಿ ಬಿಷಪ್ ಆದ ಮೇಲೆ ಅಗಸ್ಟೀನ್ ಈ ಕಳ್ಳತನವನ್ನು ನೆನಪಿಸಿಕೊಂಡು ಪುಟಗಟ್ಟಲೆ ಬರೆಯುತ್ತಾನೆ. ಹಸಿವಾಗಿತ್ತಾ? ಇಲ್ಲ. ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು. ನೋಡಲು ಚೆನ್ನಾಗಿತ್ತಾ? ಅದೂ ಇಲ್ಲ. ಕೊಲೆ ಮಾಡುವವನಿಗೂ ಒಂದು ಕಾರಣ ಇರುತ್ತದೆ: ಆಸ್ತಿ, ಹೆಣ್ಣು, ಹಗೆ. ನನಗೆ ಏನಿತ್ತು? ಹೀಗೆ ಕೆದಕುತ್ತಾ ಕೆದಕುತ್ತಾ ಒಂದು ಕಡೆ ಬಂದು ನಿಲ್ಲುತ್ತಾನೆ. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ. ‘ನಡೀರಿ, ಮಾಡೋಣ’ ಎಂದು ಯಾರೋ ಅಂದಾಗ, ನಾಚಿಕೆ ಬಿಡದಿರುವುದೇ ನಾಚಿಕೆ ಅನಿಸುತ್ತದೆ.

ನಾಲ್ಕು ಹಣ್ಣಿಗೆ ಇಷ್ಟು ರಾದ್ಧಾಂತ ಬೇಕಿತ್ತಾ ಎಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಹಾಸ್ಟೆಲಿನಲ್ಲಿ ಹೊಸ ಹುಡುಗನನ್ನು ಸುತ್ತುಗಟ್ಟಿ ಅಳಿಸುವವರು, ಬೀದಿಯಲ್ಲಿ ಒಬ್ಬನನ್ನು ಹತ್ತು ಜನ ಸೇರಿ ಬಡಿಯುವವರು ಒಬ್ಬೊಬ್ಬರೇ ಸಿಕ್ಕಾಗ ಎಷ್ಟು ಮೆತ್ತಗಿರುತ್ತಾರೆ ಅಲ್ವಾ? ಗುಂಪು ಮನುಷ್ಯನಿಗೆ ಏನು ಮಾಡುತ್ತದೆ ಎಂದು ಇಷ್ಟು ಹತ್ತಿರದಿಂದ ನೋಡಿದ ಬರಹ ಹಳೆಯ ಕಾಲದಲ್ಲಿ ನನಗೆ ಬೇರೆ ಸಿಕ್ಕಿಲ್ಲ. ಅದೂ ಬೇರೆಯವರ ತಪ್ಪನ್ನು ಹಿಡಿದು ಅಲ್ಲ, ತನ್ನದನ್ನೇ ಹಿಡಿದು.

ತಮ್ಮ ಬಗ್ಗೆ ಬರೆದುಕೊಂಡವರು ಅವನಿಗೂ ಮುಂಚೆ ಇದ್ದರು. ಗೆದ್ದ ಯುದ್ಧ, ಹಿಡಿದ ಅಧಿಕಾರ, ಕಲಿತ ತತ್ವ, ಇವೆಲ್ಲ ಬರೆದರು. ಅಗಸ್ಟೀನ್ ಶುರು ಮಾಡುವುದೇ ನೆನಪಿಲ್ಲದ ಶೈಶವದಿಂದ. ತನಗೆ ನೆನಪಿಲ್ಲವಾದ್ದರಿಂದ ಬೇರೆ ಶಿಶುಗಳನ್ನು ನೋಡಿ ಊಹಿಸುತ್ತಾನೆ. ಇನ್ನೂ ಮಾತು ಬಾರದ ಮಗು, ತನ್ನ ಜೊತೆ ಹಾಲು ಕುಡಿಯುವ ಇನ್ನೊಂದು ಮಗುವನ್ನು ಹೊಟ್ಟೆಕಿಚ್ಚಿನಿಂದ ದುರುಗುಟ್ಟಿ ನೋಡಿದ್ದನ್ನು ದಾಖಲಿಸುತ್ತಾನೆ. ಶಾಲೆಯ ಏಟಿನ ವಿಷಯವಂತೂ ಓದಿದರೆ ಬೆನ್ನು ಚುರುಗುಟ್ಟುತ್ತದೆ. ಹೊಡೆತ ತಪ್ಪಿಸಪ್ಪಾ ಎಂದು ದೇವರನ್ನು ಬೇಡಿಕೊಂಡರೆ ಮನೆಯಲ್ಲಿ ದೊಡ್ಡವರು ನಗುತ್ತಿದ್ದರಂತೆ. ಮಕ್ಕಳು ಆಡಿದರೆ ಆಟ, ದೊಡ್ಡವರು ಆಡಿದರೆ ಅದಕ್ಕೆ ವ್ಯವಹಾರ ಎಂದು ಹೆಸರು ಎನ್ನುತ್ತಾನೆ. ಮಕ್ಕಳ ಕಡೆ ನಿಂತು ಹೀಗೆ ಬರೆಯಲು ಎದೆ ಬೇಕು.

ನನಗೆ ಅತಿ ಇಷ್ಟವಾದದ್ದು ‘ಕನ್ಫೆಷನ್ಸ್’ನ ನಾಲ್ಕನೇ ಭಾಗ. ತಗಾಸ್ತೆಯಲ್ಲಿ ಒಬ್ಬ ಜೀವದ ಗೆಳೆಯ. ಜ್ವರ ಬಂದು ಪ್ರಜ್ಞೆ ತಪ್ಪಿದಾಗ ಮನೆಯವರು ಅವನಿಗೆ ಜ್ಞಾನಸ್ನಾನ ಮಾಡಿಸುತ್ತಾರೆ. ಎಚ್ಚರವಾದ ಮೇಲೆ ಅಗಸ್ಟೀನ್ ಅದನ್ನು ಗೇಲಿ ಮಾಡುತ್ತಾನೆ, ಅವನೂ ಜೊತೆಗೆ ನಗುತ್ತಾನೆ ಅಂದುಕೊಂಡು. ಗೆಳೆಯ ನಗುವುದಿಲ್ಲ. ನನ್ನ ಸ್ನೇಹ ಬೇಕಿದ್ದರೆ ಹೀಗೆಲ್ಲ ಮಾತಾಡಬೇಡ ಎಂದು ಗದರುತ್ತಾನೆ. ಕೆಲವೇ ದಿನದಲ್ಲಿ ಜ್ವರ ಮರುಕಳಿಸುತ್ತದೆ, ಅಗಸ್ಟೀನ್ ಹತ್ತಿರ ಇಲ್ಲದ ಹೊತ್ತಿನಲ್ಲಿ ಅವನು ಸಾಯುತ್ತಾನೆ. ಆ ಮುನಿಸು ಹಾಗೇ ಉಳಿಯಿತು. ಆಮೇಲೆ ಊರೇ ಬೇಡವಾಯಿತು, ಮನೆ ಬೇಡವಾಯಿತು. ಕಣ್ಣು ಎಲ್ಲ ಕಡೆ ಅವನನ್ನೇ ಹುಡುಕುತ್ತಿತ್ತು, ಅವನಿಲ್ಲದ ಜಾಗಗಳೆಲ್ಲ ಕಂಡರೆ ಆಗದಂತಾಯಿತು. ತನಗೆ ತಾನೇ ಒಂದು ದೊಡ್ಡ ಪ್ರಶ್ನೆಯಾದೆ ಎಂದು ಬರೆಯುತ್ತಾನೆ. ಸಾವಿನ ಮನೆ ನೋಡಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಮತಾಂತರದ ಕಥೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಮೊದಲು ಕತ್ತಲು, ಆಮೇಲೆ ಬೆಳಕು, ಕಥೆ ಮುಗಿಯಿತು. ಇಲ್ಲಿ ಹಾಗಾಗುವುದಿಲ್ಲ. ಮಿಲಾನಿನ ತೋಟದಲ್ಲಿ ಅತ್ತು, ಬೈಬಲ್ಲಿನ ಪೌಲನ ಪತ್ರ ತೆರೆದು ಓದಿ, ಮನಸ್ಸು ತಿರುಗಿದ್ದು 386ರಲ್ಲಿ. ಅದಾಗಿ ಹತ್ತು ವರ್ಷದ ಮೇಲೆ ಬರೆಯುತ್ತಿರುವ ಬಿಷಪ್ ಹತ್ತನೇ ಭಾಗದಲ್ಲಿ ‘ಈಗ ನಾನು ಹೇಗಿದ್ದೇನೆ’ ಎಂದು ಹೇಳಲು ಕೂರುತ್ತಾನೆ. ನಿದ್ದೆಯಲ್ಲಿ ಹಳೆಯ ಆಸೆಯ ಕನಸು ಇನ್ನೂ ಬೀಳುತ್ತದೆ. ಊಟ ಔಷಧಿಯಷ್ಟೇ ಸಾಕು ಎಂದುಕೊಂಡರೂ ರುಚಿ ಎಳೆಯುತ್ತದೆ. ಚರ್ಚಿನಲ್ಲಿ ಹಾಡು ಕೇಳುವಾಗ ದನಿಗೆ ಮನಸೋತು ಅರ್ಥ ಬಿಟ್ಟುಬಿಡುತ್ತೇನೆ. ಮನೆಯಲ್ಲಿ ಕೂತಿದ್ದಾಗ ಹಲ್ಲಿ ನೊಣ ಹಿಡಿಯುವುದನ್ನು, ಜೇಡ ತನ್ನ ಬಲೆಗೆ ಬಿದ್ದದ್ದನ್ನು ಸುತ್ತುವುದನ್ನು ನೋಡುತ್ತಾ ಮೈಮರೆಯುತ್ತೇನೆ. ಇದನ್ನೆಲ್ಲ ಬಿಷಪ್ ಒಬ್ಬ ಬರೆದು ಊರಿಗೆ ಹಂಚಿದ. ಅವನ ಹಳೆಯ ಜೀವನ ಹಿಡಿದು ಚುಚ್ಚುವ ವಿರೋಧಿಗಳು ಸುತ್ತಲೂ ಇದ್ದರು. ಒಂಬತ್ತು ವರ್ಷ ಮಾನಿ ಎಂಬ ಪರ್ಷಿಯನ್ ಪ್ರವಾದಿಯ ಪಂಥದಲ್ಲಿದ್ದವನು ಎಂಬ ಅನುಮಾನ ಬಿಷಪ್ ಆಗುವ ಹೊತ್ತಲ್ಲೂ ಕಾಡಿತ್ತು. ಸುಮ್ನೆ ಇದ್ದಿದ್ದರೆ ಅವನಿಗೇ ಒಳ್ಳೆಯದಿತ್ತು.

ಅವನ ಹೆಸರು ಈ ಒಂದು ಪುಸ್ತಕದಿಂದ ಉಳಿದಿದೆ ಎಂದುಕೊಂಡರೆ ತಪ್ಪಾಗುತ್ತದೆ. 410ರಲ್ಲಿ ವಿಸಿಗಾಥರ ದೊರೆ ಅಲಾರಿಕ್‌ನ ಸೈನ್ಯ ರೋಮ್ ಲೂಟಿ ಮಾಡಿತು. ಅತ್ಯಾಚಾರಕ್ಕೆ ಒಳಗಾದ ಹೆಂಗಸರು ಸಾಯಬೇಕಿತ್ತು ಎಂಬುದು ಹಳೆಯ ರೋಮನ್ ಲೆಕ್ಕ. ಮಾನ ಹೋಯಿತೆಂದು ಇರಿದುಕೊಂಡು ಸತ್ತ ಲುಕ್ರೀಷಿಯಾಳನ್ನು ಅವರು ಹಾಡಿ ಹೊಗಳುತ್ತಿದ್ದರು. ‘ದೇವರ ನಗರ’ ಎಂಬ 22 ಭಾಗಗಳ ಗ್ರಂಥವನ್ನು ಅಗಸ್ಟೀನ್ ಬರೆಯತೊಡಗಿದ್ದು 413ರ ಸುಮಾರಿಗೆ. ಅದರ ಮೊದಲ ಭಾಗದಲ್ಲೇ ಆ ಲೆಕ್ಕವನ್ನು ಒಡೆದು ಹಾಕುತ್ತಾನೆ. ಬೇರೆಯವನು ಬಲವಂತದಿಂದ ಮಾಡಿದ್ದು ನಿನ್ನ ಪಾಪ ಆಗುವುದಿಲ್ಲ, ನೀನು ಬದುಕು ಎಂದು ಹೇಳಿದ. ನಮ್ಮ ಕಾಲದಲ್ಲೂ ಈ ಮಾತು ಎಷ್ಟು ಮನೆಗಳಿಗೆ ಇನ್ನೂ ತಲುಪಬೇಕಾಗಿದೆ!

1981ರಲ್ಲಿ ಅವನ ಸುಮಾರು ಮೂವತ್ತು ಪತ್ರಗಳ ಹೊಸ ಕಟ್ಟೊಂದು ಮೊದಲ ಸಲ ಅಚ್ಚಾಯಿತು. ಯೊಹಾನ್ನೆಸ್ ದಿವ್ಯಾಕ್ ಎಂಬ ವಿದ್ವಾಂಸರು ಹಸ್ತಪ್ರತಿಗಳಲ್ಲಿ ಕಂಡುಹಿಡಿದದ್ದು. ಅದರಲ್ಲಿ ಗೆಳೆಯ ಅಲೀಪಿಯಸ್‌ಗೆ ಬರೆದ ಒಂದು ಪತ್ರ ಇದೆ. ಹಿಪ್ಪೋ ಬಂದರಿನಲ್ಲಿ ಗುಲಾಮರ ದಲ್ಲಾಳಿಗಳು ಬೀಡುಬಿಟ್ಟಿದ್ದಾರೆ, ಹಳ್ಳಿಗಳಿಗೆ ರಾತ್ರಿ ನುಗ್ಗಿ ಜನರನ್ನು ಹೊತ್ತು ತಂದು ಹಡಗಿಗೆ ತುಂಬುತ್ತಿದ್ದಾರೆ. ಅವನ ಚರ್ಚಿನ ಜನ ಹೋಗಿ ಸುಮಾರು 120 ಮಂದಿಯನ್ನು ಬಿಡಿಸಿದರು. ಈಗ ಈ ದಂಧೆ ನಿಲ್ಲಿಸುವುದು ಹೇಗೆ? ಇರುವ ಕಾನೂನಿನಲ್ಲಿ ಸೀಸದ ಗುಂಡು ಕಟ್ಟಿದ ಚಾವಟಿಯ ಶಿಕ್ಷೆ ಇದೆ, ಅದರಿಂದ ಅಪರಾಧಿಗಳು ಸತ್ತುಹೋಗುತ್ತಾರೆ, ಅದೂ ಬೇಡ ಎಂದು ಒದ್ದಾಡುತ್ತಾನೆ. ಒಬ್ಬ ಮುದುಕ ಬಿಷಪ್ ಕಾನೂನು ಪುಸ್ತಕ ಮುಂದಿಟ್ಟುಕೊಂಡು ದಾರಿ ಹುಡುಕುವುದು ಕಣ್ಣಿಗೆ ಕಟ್ಟುತ್ತದೆ.

ಅವನು ಕೊನೆಗಾಲದಲ್ಲಿ ಹಿಡಿದ ಕೆಲವು ವಾದಗಳು ನನಗೂ ಒಪ್ಪಿಗೆ ಇಲ್ಲ. ಆದರೆ ಎಪ್ಪತ್ತು ದಾಟಿದ ಮೇಲೆ, 426ರ ಹೊತ್ತಿಗೆ, ಅವನು ತನ್ನ 93 ಕೃತಿಗಳನ್ನು ಒಂದೊಂದಾಗಿ ತೆಗೆದು ಓದಿ, ಇಲ್ಲಿ ಹೀಗೆ ಹೇಳಬಾರದಿತ್ತು, ಇಲ್ಲಿ ಆತುರಪಟ್ಟೆ ಎಂದು ಬರೆದಿಟ್ಟ. ದೊಡ್ಡ ಲೇಖಕರಲ್ಲಿ ಎಷ್ಟು ಜನ ಇದನ್ನು ಮಾಡಿದ್ದಾರೆ?

ಇಟಲಿಯ ಕವಿ ಪೆಟ್ರಾರ್ಕ್ 1336ರಲ್ಲಿ ಫ್ರಾನ್ಸಿನ ವಾಂಟೂ ಬೆಟ್ಟ ಹತ್ತಿದಾಗ ಅವನ ಕೈಯಲ್ಲಿ ‘ಕನ್ಫೆಷನ್ಸ್’ನ ಪುಟ್ಟ ಪ್ರತಿ ಇತ್ತು. ಲೂಥರ್ ಅಗಸ್ಟೀನನ ಹೆಸರಿನ ಸಂಘದ ಸಂನ್ಯಾಸಿಯಾಗಿದ್ದ. ಯಹೂದಿ ಮನೆಯಲ್ಲಿ ಹುಟ್ಟಿದ ಚಿಂತಕಿ ಹನ್ನಾ ಅರೆಂಟ್, ಅಗಸ್ಟೀನ್ ಪ್ರೀತಿಯ ಬಗ್ಗೆ ಏನು ಹೇಳುತ್ತಾನೆ ಎಂಬ ತನ್ನ ಪ್ರಬಂಧವನ್ನು 1929ರಲ್ಲಿ ಪ್ರಕಟಿಸಿದಳು. ತತ್ವಜ್ಞಾನಿ ವಿಟ್‌ಗನ್‌ಸ್ಟೈನ್ ತನ್ನ ಮುಖ್ಯ ಪುಸ್ತಕವನ್ನು ತೆರೆದದ್ದೇ ಮಗು ಮಾತು ಕಲಿಯುವ ಬಗ್ಗೆ ಅಗಸ್ಟೀನ್ ಬರೆದ ಸಾಲುಗಳಿಂದ. ಇವರಲ್ಲಿ ಎಲ್ಲರೂ ಅವನ ದೇವರನ್ನು ನಂಬಿದವರಲ್ಲ. ಕಾಲ ಅಂದರೇನು ಎಂದು ಯಾರೂ ಕೇಳದಿದ್ದರೆ ನನಗೆ ಗೊತ್ತು, ಕೇಳಿದವರಿಗೆ ಹೇಳಹೊರಟರೆ ಗೊತ್ತಿಲ್ಲ ಎಂದು ಹನ್ನೊಂದನೇ ಭಾಗದಲ್ಲಿ ಅವನು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡು ಅಲ್ಲಿಗೆ ಬಿಡುವುದಿಲ್ಲ. ಬಾಯಿಪಾಠ ಇರುವ ಒಂದು ಹಾಡನ್ನು ತೆಗೆದುಕೊಳ್ಳುತ್ತಾನೆ. ಹಾಡಿ ಆದದ್ದು ನೆನಪಿಗೆ ಸರಿಯುತ್ತದೆ, ಹಾಡಬೇಕಾದ್ದು ನಿರೀಕ್ಷೆಯಲ್ಲಿರುತ್ತದೆ, ಹಾಡುತ್ತಿರುವುದರ ಮೇಲೆ ಗಮನ. ಕಾಲ ಎನ್ನುವುದು ಈ ಮೂರರ ನಡುವೆ ಮನಸ್ಸಿನ ಹಿಗ್ಗುವಿಕೆ ಇರಬಹುದಾ ಎಂದು ಕೇಳುತ್ತಾನೆ. ಇಂಥವನನ್ನು ಜನ ಓದದೆ ಬಿಟ್ಟಿದ್ದರೆ ಆಶ್ಚರ್ಯಪಡಬೇಕಿತ್ತು.

ವಿರೋಧ: ಒಂದು ಪುಸ್ತಕದ ಹಿಂದೆ ಮರೆಯಾದದ್ದು

ಪೇರ್ ಹಣ್ಣಿನ ಕಥೆ ನನಗೂ ಇಷ್ಟ. ಗೆಳೆಯನ ಸಾವಿನ ಪುಟಗಳನ್ನು ಓದಿ ನಾನೂ ಪುಸ್ತಕ ಮುಚ್ಚಿಟ್ಟು ಕೂತಿದ್ದೇನೆ. ಅವನು ಚೆನ್ನಾಗಿ ಬರೆದ ಎಂಬುದರ ಬಗ್ಗೆ ನನಗೆ ಜಗಳವೇ ಇಲ್ಲ. ಆ ಚೆನ್ನಾಗಿ ಬರೆದ ಪುಸ್ತಕದ ಮೇಲಿನ ಪ್ರೀತಿಯಿಂದ ನಾವು ಅದೇ ಮನುಷ್ಯನ ಬೇರೆ ಮಾತುಗಳಿಗೆ ಕಿವಿ ಮುಚ್ಚಿಕೊಂಡೆವು. ಆ ಮಾತುಗಳು ಬರೀ ಮಾತಾಗಿ ಉಳಿಯಲಿಲ್ಲ. ಜನರ ಮೈಮೇಲೆ ಬಿದ್ದವು.

ಹಿಪ್ಪೋದಲ್ಲಿ ಅಗಸ್ಟೀನ್ ಬಿಷಪ್ ಆದಾಗ ಅವನ ಪಂಗಡದವರೇ ಅಲ್ಪಸಂಖ್ಯಾತರು. ಆಫ್ರಿಕಾದ ಕ್ರೈಸ್ತರಲ್ಲಿ ಬಹಳ ಮಂದಿ ಡೊನಾಟಿಸ್ಟರು. 303ರಲ್ಲಿ ಶುರುವಾದ ರೋಮನ್ ಚಕ್ರವರ್ತಿ ಡಯೊಕ್ಲೇಶಿಯನ್‌ನ ಹಿಂಸೆಯಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದವರು ಬಿಷಪ್ ಆಗಬಹುದೇ ಎಂಬ ಜಗಳದಿಂದ ಹುಟ್ಟಿದ ಪಂಗಡ ಅದು. ಅವರಲ್ಲೂ ದೊಣ್ಣೆ ಹಿಡಿದು ಬೀದಿಗಿಳಿಯುವ ಪುಂಡರಿದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಹೆಚ್ಚಿನವರು ತಮ್ಮ ಅಜ್ಜ ಹೋದ ಚರ್ಚಿಗೆ ತಾವೂ ಹೋಗುತ್ತಿದ್ದ ಸಾಮಾನ್ಯ ರೈತರು.

ಮೊದಮೊದಲು ಅಗಸ್ಟೀನ್ ಬಲವಂತ ಬೇಡ ಅನ್ನುತ್ತಿದ್ದ. ಆಮೇಲೆ ಬದಲಾದ. 408ರ ಸುಮಾರಿಗೆ ವಿನ್ಸೆಂಟಿಯಸ್ ಎಂಬ ಎದುರು ಪಂಗಡದ ಬಿಷಪ್ ಅವನಿಗೆ ಪತ್ರ ಬರೆದ. ಇಬ್ಬರೂ ಕಾರ್ಥೇಜಿನಲ್ಲಿ ವಿದ್ಯಾರ್ಥಿಗಳಾಗಿದ್ದಾಗಿನಿಂದ ಪರಿಚಯ. ಆಗ ನೀನು ಎಷ್ಟು ಶಾಂತವಾಗಿದ್ದೆ, ಈಗ ಚಕ್ರವರ್ತಿಯ ಕಾನೂನು ಹಿಡಿದು ಜನರನ್ನು ಎಳೆಯುತ್ತಿದ್ದೀಯಲ್ಲ ಎಂಬುದು ಅವನ ಆಕ್ಷೇಪದ ತಿರುಳು. ಅಗಸ್ಟೀನನ ಉದ್ದನೆಯ ಉತ್ತರ ಇಂದಿಗೂ ಇದೆ, ಅವನ ಪತ್ರಗಳಲ್ಲಿ 93ನೆಯದು. ಸನ್ನಿ ಹಿಡಿದ ರೋಗಿಯನ್ನು ಕಟ್ಟಿಹಾಕುವುದು ಪ್ರೀತಿಯೇ ಅಲ್ಲವಾ ಎನ್ನುತ್ತಾನೆ. ನನ್ನ ಸ್ವಂತ ಊರೇ ಪೂರ್ತಿ ಡೊನಾಟಿಸ್ಟರದಾಗಿತ್ತು, ಕಾನೂನಿನ ಭಯದಿಂದ ದಾರಿಗೆ ಬಂತು, ಈಗ ನೋಡು ಎನ್ನುತ್ತಾನೆ. 417ರ ಸುಮಾರಿಗೆ ಬೋನಿಫೇಸ್ ಎಂಬ ಸೇನಾಧಿಕಾರಿಗೆ ಬರೆದ ಇನ್ನೊಂದು ಪತ್ರದಲ್ಲಿ ಲೂಕನ ಸುವಾರ್ತೆಯ ಔತಣದ ಕಥೆ ತೆಗೆದು, ಬೀದಿಯಲ್ಲಿ ಸಿಕ್ಕವರನ್ನು ಬಲವಂತ ಮಾಡಿಯಾದರೂ ಒಳಗೆ ಕರೆತರಲು ಯಜಮಾನನೇ ಹೇಳಿದ್ದಾನೆ ಎಂದು ವಾದಿಸುತ್ತಾನೆ. ತಪ್ಪಿಸಿಕೊಂಡ ಕುರಿಯನ್ನು ಚಾವಟಿಯಿಂದಾದರೂ ಮಂದೆಗೆ ಸೇರಿಸಬೇಕಂತೆ.

ಈ ಮಾತು ಕಾಗದದಲ್ಲಿ ಓದಲು ಹಿತವಾಗಿಯೇ ಇದೆ. ನೆಲದ ಮೇಲೆ ಏನಾಯಿತು? 411ರ ಜೂನಿನಲ್ಲಿ ಕಾರ್ಥೇಜಿನಲ್ಲಿ ಯಾರು ಸರಿ ಎಂಬ ವಾದಕ್ಕೆ ಎರಡೂ ಕಡೆಯ 550ಕ್ಕೂ ಹೆಚ್ಚು ಬಿಷಪ್‌ಗಳು ಸೇರಿದರು. ತೀರ್ಪು ಹೇಳಿದವನು ಚಕ್ರವರ್ತಿಯ ಅಧಿಕಾರಿ, ಅಗಸ್ಟೀನನ ಪಂಗಡದವನೇ. 412ರಲ್ಲಿ ಆದೇಶ ಬಂತು. ಡೊನಾಟಿಸ್ಟರ ಪಾದ್ರಿಗಳಿಗೆ ಗಡಿಪಾರು, ಚರ್ಚುಗಳು ಎದುರು ಪಕ್ಷಕ್ಕೆ, ಅಂತಸ್ತಿಗೆ ತಕ್ಕಂತೆ ದಂಡ. ಗುಲಾಮರಿಗೂ ಗೇಣಿಯವರಿಗೂ ಏಟು. ದಂಡ ಕಟ್ಟಲು ದುಡ್ಡಿಲ್ಲದವರು ಬೆನ್ನು ಕೊಡಬೇಕಾಯಿತು.

ಮರಣದಂಡನೆ ಬೇಡ, ಚಿತ್ರಹಿಂಸೆ ಬೇಡ ಎಂದು ಅವನು ಅಧಿಕಾರಿಗಳಿಗೆ ಬರೆದದ್ದು ನಿಜ. ಆದರೆ ಟಿಮ್ಗಾಡ್‌ನ ಡೊನಾಟಿಸ್ಟ್ ಬಿಷಪ್ ಗೌಡೆಂಟಿಯಸ್, ಚರ್ಚು ಕಿತ್ತುಕೊಳ್ಳಲು ಬಂದರೆ ನನ್ನ ಜನರ ಜೊತೆ ಒಳಗೇ ಬೆಂಕಿ ಹಚ್ಚಿಕೊಂಡು ಸಾಯುತ್ತೇನೆ ಎಂದಾಗ ಅಗಸ್ಟೀನ್ ಏನು ಬರೆದ? ಎಲ್ಲರೂ ನರಕದ ಬೆಂಕಿಯಲ್ಲಿ ಉರಿಯುವುದಕ್ಕಿಂತ ಕೆಲವರು ತಾವೇ ಹಚ್ಚಿಕೊಂಡ ಬೆಂಕಿಯಲ್ಲಿ ಹೋದರೂ ಪರವಾಗಿಲ್ಲ, ಉಳಿದ ಬಹುಮಂದಿ ಒಟ್ಟಾಗುತ್ತಾರಲ್ಲ ಎಂಬರ್ಥದ ಮಾತು. ಗೆಳೆಯನ ಸಾವಿಗೆ ಊರನ್ನೇ ಬಿಟ್ಟವನು ಇವನೇನಾ? ಈ ಸಾಲು ಓದಿದ ದಿನದಿಂದ ನನಗೆ ‘ಕನ್ಫೆಷನ್ಸ್’ ಮೊದಲಿನಂತೆ ಓದಲು ಆಗಿಲ್ಲ.

ಐದನೇ ಶತಮಾನದಲ್ಲಿ ಎಲ್ಲರೂ ಹಾಗೇ ಇದ್ದರು ಎಂದು ಸಮಾಧಾನ ಹೇಳುತ್ತಾರೆ. ಹಾಗಿದ್ದರೆ ವಿನ್ಸೆಂಟಿಯಸ್ ಯಾಕೆ ಆಕ್ಷೇಪಿಸಿದ? ಅವನೂ ಅದೇ ಶತಮಾನದವನು. ಅಲ್ಲದೆ ಈ ವಾದ ಐದನೇ ಶತಮಾನದಲ್ಲೇ ಸಾಯಲಿಲ್ಲ. 1685ರಲ್ಲಿ ಹದಿನಾಲ್ಕನೇ ಲೂಯಿ ಫ್ರಾನ್ಸಿನ ಪ್ರೊಟೆಸ್ಟೆಂಟರ ಹಕ್ಕುಗಳನ್ನು ಕಿತ್ತುಕೊಂಡಾಗ, ಅದನ್ನು ಸಮರ್ಥಿಸಲು ಅಲ್ಲಿನ ಚರ್ಚು ಅಗಸ್ಟೀನನ ಇದೇ ಎರಡು ಪತ್ರಗಳನ್ನು ಫ್ರೆಂಚಿನಲ್ಲಿ ಅಚ್ಚು ಹಾಕಿಸಿತು. ಪಿಯೆರ್ ಬೇಲ್ ಎಂಬ ಚಿಂತಕ ಮರುವರ್ಷವೇ ಅದಕ್ಕೆ ಉತ್ತರವಾಗಿ ಇಡೀ ಪುಸ್ತಕ ಬರೆಯಬೇಕಾಯಿತು. ಬೇಲ್‌ನ ಅಣ್ಣ ಆ ಹಿಂಸೆಯಲ್ಲೇ ಜೈಲಿನಲ್ಲಿ ಸತ್ತಿದ್ದ. ಹೆಸರಿಲ್ಲದ ಯಾವನೋ ಬರೆದಿದ್ದರೆ ಆ ಪತ್ರಗಳನ್ನು ಸಾವಿರದ ಇನ್ನೂರು ವರ್ಷದ ಮೇಲೆ ಯಾರು ಹುಡುಕಿ ತೆಗೆಯುತ್ತಿದ್ದರು? ಜನಪ್ರಿಯತೆಗೆ ಹೀಗೂ ಒಂದು ಬೆಲೆ ಇದೆ. ಅದನ್ನು ಕಟ್ಟಿದವರು ಬೇರೆ.

ಇನ್ನು ಶಿಶುಗಳ ವಿಷಯ. ಪೆಲಾಜಿಯಸ್ ಎಂಬ ಬ್ರಿಟನ್ನಿನ ತಪಸ್ವಿ, ಮನುಷ್ಯ ಪ್ರಯತ್ನಪಟ್ಟರೆ ಒಳ್ಳೆಯವನಾಗಬಲ್ಲ ಎಂದು ಬೋಧಿಸುತ್ತಿದ್ದ. ಅಗಸ್ಟೀನನಿಗೆ ಇದು ದೇವರ ಕೃಪೆಗೆ ಮಾಡಿದ ಅವಮಾನವಾಗಿ ಕಂಡಿತು. ಜೀವನದ ಕೊನೆಯ ಇಪ್ಪತ್ತು ವರ್ಷ ಇದೇ ಜಗಳ. ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಅಂಟಿರುತ್ತದೆ, ಹಾಗಾಗಿ ಜ್ಞಾನಸ್ನಾನ ಇಲ್ಲದೆ ಸತ್ತ ಕೂಸಿಗೂ ದಂಡನೆ ತಪ್ಪಿದ್ದಲ್ಲ ಎಂಬಲ್ಲಿಗೆ ಅವನು ಬಂದ. ಅತಿ ಕಡಿಮೆ ದಂಡನೆ ಎಂದು ಸೇರಿಸಿದ. ಕಡಿಮೆಯಾದರೇನು, ದಂಡನೆಯೇ.

ಇಟಲಿಯ ಎಕ್ಲಾನಮ್ ಎಂಬ ಊರಿನ ಬಿಷಪ್ ಜೂಲಿಯನ್, ಅಗಸ್ಟೀನನಿಗಿಂತ ಎಷ್ಟೋ ಚಿಕ್ಕವನು, ಎದ್ದು ನಿಂತು ಕೇಳಿದ: ಈಗಷ್ಟೇ ಹುಟ್ಟಿದ ಮಗುವನ್ನು ಶಿಕ್ಷಿಸುವ ನಿನ್ನ ದೇವರು ಎಂಥವನು? ಮಾಡದ ತಪ್ಪಿಗೆ ಶಿಕ್ಷೆ ಕೊಡುವವನನ್ನು ನ್ಯಾಯವಂತ ಎನ್ನುತ್ತಾರಾ? ಈ ನಿಲುವಿಗೆ ಅವನು ತೆತ್ತದ್ದು ಬಿಷಪ್ ಪದವಿಯನ್ನು. ಗಡಿಪಾರಾಗಿ ಊರೂರು ಅಲೆದ. ಅಗಸ್ಟೀನನಿಗೆ ಉತ್ತರವಾಗಿ ಅವನು ಬರೆದ ಪುಸ್ತಕಗಳು ಬಿಡಿಯಾಗಿ ಉಳಿದಿಲ್ಲ. ಅಗಸ್ಟೀನ್ ಖಂಡಿಸಲೆಂದು ಸಾಲು ಸಾಲಾಗಿ ಎತ್ತಿ ಬರೆದುಕೊಂಡ ಭಾಗಗಳಷ್ಟೇ ನಮಗೆ ಸಿಕ್ಕಿವೆ. ಅಲ್ಲಿ ಜೂಲಿಯನ್ ಒಂದು ಮಾತು ಆಡುತ್ತಾನೆ, ತಕ್ಷಣ ಅಗಸ್ಟೀನ್ ಬಾಯಿ ಹಾಕುತ್ತಾನೆ. ಮತ್ತೆ ಒಂದು ಮಾತು, ಮತ್ತೆ ಅಡ್ಡಿ. ಅಗಸ್ಟೀನ್ ಸಾಯುವಾಗ ಆ ಕೃತಿ ಮುಗಿದಿರಲಿಲ್ಲ, ಆದ್ದರಿಂದ ಜೂಲಿಯನ್ನನ ಎಂಟು ಭಾಗಗಳ ಗ್ರಂಥದ ಕೊನೆಯ ಎರಡು ಭಾಗ ನಮಗೆ ಸಿಗಲೇ ಇಲ್ಲ.

ಐರ್ಲೆಂಡಿನಲ್ಲಿ ಕಿಲ್ಲೀನ್ ಎಂದು ಕರೆಯುವ ಜಾಗಗಳಿವೆ. ಜ್ಞಾನಸ್ನಾನಕ್ಕೆ ಮುಂಚೆ ಸತ್ತ ಕೂಸುಗಳನ್ನು ಚರ್ಚಿನ ಪವಿತ್ರ ಭೂಮಿಯಲ್ಲಿ ಹೂಳುವಂತಿರಲಿಲ್ಲ. ಹೊಲದ ಅಂಚು, ಹಾಳುಬಿದ್ದ ಹಳೆಯ ಗುಡಿಯ ಬಳಿ, ಎರಡು ಜಮೀನಿನ ನಡುವಿನ ಗಡಿ, ಇಂಥ ಕಡೆ ಹೂಳುತ್ತಿದ್ದರು. ಹೆಸರು ಕೆತ್ತುವಂತಿಲ್ಲ, ಒಂದು ಒರಟು ಕಲ್ಲು ನೆಟ್ಟರೆ ಹೆಚ್ಚು. ಇಪ್ಪತ್ತನೇ ಶತಮಾನದವರೆಗೂ ಇದು ನಡೆಯಿತು. ನಡುವೆ ಮಧ್ಯಯುಗದ ಪಂಡಿತರು ಅಗಸ್ಟೀನನ ಬಿಗಿಯನ್ನು ಸಡಿಲಿಸಿ, ನೋವೂ ಇಲ್ಲದ ದೇವರ ದರ್ಶನವೂ ಇಲ್ಲದ ಒಂದು ಬೇರೆ ಲೋಕವನ್ನು ಈ ಕೂಸುಗಳಿಗಾಗಿ ಕಲ್ಪಿಸಿದ್ದರು. ಆದರೂ ಆ ತಾಯಂದಿರಿಗೆ ಮಗು ದೇವರ ಹತ್ತಿರ ಇದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಇಂಥ ಕೂಸುಗಳಿಗೂ ಮುಕ್ತಿಯ ಭರವಸೆ ಇಡಬಹುದು ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಹೇಳಿದ್ದು 2007ರಲ್ಲಿ. ಜೂಲಿಯನ್ ಕೇಳಿ ಸುಮಾರು 1580 ವರ್ಷ ಆದ ಮೇಲೆ. ಇದೆಲ್ಲಕ್ಕೂ ಒಬ್ಬನೇ ಕಾರಣ ಎನ್ನುವುದು ಅನ್ಯಾಯ. ಆದರೆ ಅಗಸ್ಟೀನ್ ಹೇಳಿದ್ದಾನೆ ಎಂಬ ಒಂದು ಮಾತು ಎಷ್ಟು ಜನರ ಬಾಯಿ ಕಟ್ಟಿತು ಎಂಬುದೂ ಚಿಕ್ಕ ವಿಷಯವಲ್ಲ.

‘ಕನ್ಫೆಷನ್ಸ್’ನ ಒಳಗೂ ನಾವು ಬೇಗ ದಾಟಿಬಿಡುವ ಪುಟಗಳಿವೆ. ಒಂಬತ್ತನೇ ಭಾಗದಲ್ಲಿ ತಾಯಿ ಮೋನಿಕಾಳ ನೆನಪು. ಗಂಡನಿಂದ ಏಟು ತಿಂದು ಮುಖದ ಮೇಲೆ ಬಾಸುಂಡೆ ಹೊತ್ತು ಬಂದ ಹೆಂಗಸರು ಮಾತಾಡಿಕೊಳ್ಳುವಾಗ, ತಪ್ಪು ನಿಮ್ಮ ನಾಲಿಗೆಯದು, ಮದುವೆಯ ಕರಾರು ಓದಿದ ದಿನವೇ ನೀವು ದಾಸಿಯರಾದಿರಿ ಎಂದು ತಿಳಿಯಬೇಕಿತ್ತು ಅನ್ನುತ್ತಿದ್ದಳಂತೆ. ಮಗ ಇದನ್ನು ತಾಯಿಯ ಜಾಣತನ ಎಂದು ಹೊಗಳಿ ಬರೆಯುತ್ತಾನೆ. ಹೊಡೆತ ತಿಂದ ಹುಡುಗನ ಕಡೆ ನಿಂತವನಿಗೆ ಈ ಹೆಂಗಸರ ನೋವು ಕಾಣಲಿಲ್ಲವೇ?

ಅವನ ಜೊತೆ ಹದಿಮೂರು ಹದಿನಾಲ್ಕು ವರ್ಷ ಬಾಳಿದ, ಅದಿಯೋದಾತನೆಂಬ ಮಗನನ್ನು ಹೆತ್ತ ಹೆಣ್ಣಿನ ಹೆಸರೂ ನಮಗೆ ಗೊತ್ತಿಲ್ಲ. ಮಿಲಾನಿನಲ್ಲಿ ಒಳ್ಳೆಯ ಮನೆತನದ ಸಂಬಂಧ ಕುದುರಿದಾಗ ಅವಳನ್ನು ಆಫ್ರಿಕಾಕ್ಕೆ ಕಳಿಸಲಾಯಿತು. ಮಗ ತಂದೆಯ ಹತ್ತಿರ ಉಳಿದ. ಇನ್ನು ಬೇರೆ ಗಂಡಸಿನ ಸಹವಾಸ ಮಾಡುವುದಿಲ್ಲ ಎಂದು ಹರಕೆ ಹೊತ್ತು ಅವಳು ಹೋದಳು. ನಿಶ್ಚಯವಾದ ಹುಡುಗಿಗೆ ಮದುವೆಯ ವಯಸ್ಸಾಗಲು ಇನ್ನೂ ಎರಡು ವರ್ಷ ಇತ್ತು. ಅಷ್ಟು ಕಾಯಲಾಗದೆ ಇವನು ಇನ್ನೊಬ್ಬಳನ್ನು ಇಟ್ಟುಕೊಂಡ. ತನ್ನ ಎದೆ ಹರಿದು ರಕ್ತ ಸುರಿಯಿತು ಎಂದು ಬರೆಯುತ್ತಾನೆ. ಸಮುದ್ರ ದಾಟಿದವಳ ಎದೆಯ ಬಗ್ಗೆ ಒಂದು ಸಾಲೂ ಇಲ್ಲ. ಮರ್ಯಾದೆಗೆ ಹೆಸರು ಬಿಟ್ಟ ಎಂದು ಅವನ ಅಭಿಮಾನಿಗಳು ಹೇಳುತ್ತಾರೆ. ಇರಬಹುದು. ನನಗೆ ಸಮಾಧಾನ ಆಗುವುದಿಲ್ಲ.

ರೋಮಿನಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗೆ ಅವನು ಹೇಳಿದ ಸಾಂತ್ವನವನ್ನು ಎಲ್ಲರೂ ಎತ್ತಿ ಹಿಡಿಯುತ್ತಾರೆ. ಸಾಯಬೇಡ ಎಂದದ್ದು ದೊಡ್ಡ ಮಾತು, ಒಪ್ಪುತ್ತೇನೆ. ಅದೇ ಮೊದಲ ಭಾಗದಲ್ಲಿ ಕೆಲವು ಪುಟ ಮುಂದೆ ಹೋಗಿ. ನಿಮ್ಮ ಶೀಲದ ಬಗ್ಗೆ ಒಳಗೊಳಗೇ ಜಂಬ ಇತ್ತಾ, ಅದನ್ನು ಮುರಿಯಲು ದೇವರು ಇದಕ್ಕೆ ಆಸ್ಪದ ಕೊಟ್ಟಿರಬಹುದಾ, ನಿಮ್ಮ ಮನಸ್ಸನ್ನು ಕೇಳಿಕೊಳ್ಳಿ ಎನ್ನುತ್ತಾನೆ. ಗುಲಾಮರ ದಲ್ಲಾಳಿಗಳಿಂದ 120 ಜನರನ್ನು ಬಿಡಿಸಿದ ಕಥೆಯೂ ಹಾಗೇ. ಅಗಸ್ಟೀನನನ್ನು ಕಾಡಿದ್ದು ಸ್ವತಂತ್ರರನ್ನು ಅಕ್ರಮವಾಗಿ ಹಿಡಿದು ಮಾರುವುದು. ಗುಲಾಮಗಿರಿಯನ್ನು ಅವನು ‘ದೇವರ ನಗರ’ದ ಹತ್ತೊಂಬತ್ತನೇ ಭಾಗದಲ್ಲಿ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ವಿವರಿಸಿ, ಗುಲಾಮರು ಮನಃಪೂರ್ವಕ ಸೇವೆ ಮಾಡಲಿ ಎಂದು ಬಿಟ್ಟ.

ಇಷ್ಟಾದರೂ ಅವನೇ ಯಾಕೆ ಉಳಿದ? ಬರಹ ಚೆನ್ನಾಗಿದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಅವನು ಗೆದ್ದ ಪಕ್ಷದವನು. ಕೃತಿಗಳನ್ನು ತಾನೇ ಪಟ್ಟಿ ಮಾಡಿ, ತಿದ್ದಿ, ಮುಂದಿನವರು ಹೇಗೆ ಓದಬೇಕೆಂದು ಬರೆದಿಟ್ಟು ಹೋದ. ಅದನ್ನು ವಿನಯ ಎನ್ನುವವರು ಅನ್ನಲಿ, ನನಗೆ ಅದು ತನ್ನ ಹೆಸರನ್ನು ತಾನೇ ಕಾಪಾಡಿಕೊಂಡ ಕೆಲಸವಾಗಿಯೂ ಕಾಣುತ್ತದೆ. ಅವನ ಶಿಷ್ಯ ಪೊಸ್ಸಿಡಿಯಸ್ ಜೀವನಚರಿತ್ರೆಯ ಜೊತೆಗೆ ಪುಸ್ತಕಗಳ ಪಟ್ಟಿಯನ್ನೂ ಬರೆದ. ಹಿಪ್ಪೋದ ಗ್ರಂಥಭಂಡಾರ ಹೇಗೋ ಉಳಿದುಕೊಂಡಿತು. ಡೊನಾಟಿಸ್ಟರ ಪುಸ್ತಕಗಳನ್ನು ನಕಲು ಮಾಡುವ ಮಠಗಳು ಇರಲಿಲ್ಲ. ಅಷ್ಟಕ್ಕೂ ಈ ಜನಪ್ರಿಯತೆ ಲ್ಯಾಟಿನ್ ಓದುವ ಪಶ್ಚಿಮದ್ದು. ಗ್ರೀಕ್ ಕ್ರೈಸ್ತರು ಶತಮಾನಗಟ್ಟಲೆ ಅವನನ್ನು ಓದದೆಯೇ ಭಕ್ತಿ ಮಾಡಿದರು, ಅಳುವ ತಾಯಂದಿರಿಗೆ ಬೇರೆ ರೀತಿಯ ಉತ್ತರ ಕೊಟ್ಟರು.

ಅಗಸ್ಟೀನನನ್ನು ಓದಬೇಡಿ ಎಂದು ನಾನು ಹೇಳುತ್ತಿಲ್ಲ. ‘ಕನ್ಫೆಷನ್ಸ್’ ಅಚ್ಚು ಹಾಕುವವರಿಗೆ ನನ್ನದೊಂದು ಬೇಡಿಕೆ ಇದೆ. ಮುಂದಿನ ಆವೃತ್ತಿಯ ಕೊನೆಗೆ ವಿನ್ಸೆಂಟಿಯಸ್‌ಗೆ ಬರೆದ ಪತ್ರವನ್ನು ಪೂರ್ತಿ ಸೇರಿಸಿ. ಅದರ ಪಕ್ಕದಲ್ಲಿ ಜೂಲಿಯನ್ನನ ಮಾತುಗಳನ್ನು, ಅಗಸ್ಟೀನನ ಅಡ್ಡಿ ತೆಗೆದು, ಒಂದರ ಕೆಳಗೆ ಒಂದು ಜೋಡಿಸಿ ಕೊಡಿ.